ವೇಷದ ಋಣ: ಅಲೆಕ್ ಗಿನ್ನೆಸ್ ಮತ್ತು ನಂಬಿಕೆಯ ಪ್ರಶ್ನೆ

ನಾಯಕನ ಚೆಲುವಿಲ್ಲದೆ, ವೇಷದ ಬಲದಿಂದಲೇ ಬ್ರಿಟಿಷ್ ಚಿತ್ರರಂಗದ ಮೊದಲ ಸಾಲಿಗೆ ಬಂದ ನಟ ಅಲೆಕ್ ಗಿನ್ನೆಸ್ (1914–2000). 1949ರ ‘ಕೈಂಡ್ ಹಾರ್ಟ್ಸ್ ಅಂಡ್ ಕೊರೊನೆಟ್ಸ್’ ಚಿತ್ರದಲ್ಲಿ ಅವರು ಒಂದೇ ಸಿರಿವಂತ ಮನೆತನದ ಎಂಟು ಮಂದಿಯಾಗಿ ಕಾಣಿಸಿಕೊಂಡರು. ಆ ಎಂಟರಲ್ಲಿ ಒಬ್ಬ ಪಾದ್ರಿ, ಒಬ್ಬಳು ಹೆಂಗಸು. ಇಷ್ಟು ಸಲೀಸಾಗಿ ಬೇರೆಯವರಾಗಬಲ್ಲ ಮನುಷ್ಯನಿಗೆ ತನ್ನದೆಂಬುದು ಏನಾದರೂ ಉಳಿದಿರುತ್ತದೆಯೇ? ವೇಷ ತೊಟ್ಟವನ ಮೇಲೆ ಇನ್ನೊಬ್ಬರು ಇಡುವ ನಂಬಿಕೆ ಬರೀ ಮೋಸವೇ? ಧರ್ಮವೂ ತತ್ತ್ವಶಾಸ್ತ್ರವೂ ಈ ಪ್ರಶ್ನೆಗಳನ್ನು ಬಹುಕಾಲದಿಂದ ಕೇಳುತ್ತ ಬಂದಿವೆ.

ಎರಡೂ ಕಡೆ ಉತ್ತರ ನಟನ ಪರವಾಗಿರಲಿಲ್ಲ. ಯಾರನ್ನು ಬೇಕಾದರೂ ಅನುಕರಿಸಬಲ್ಲವನು ಊರಿಗೆ ಬಂದರೆ ಅವನನ್ನು ಗೌರವಿಸಿ ಬೇರೆ ಊರಿಗೆ ಸಾಗಹಾಕಬೇಕೆಂದು ಪ್ಲೇಟೋ ‘ರಿಪಬ್ಲಿಕ್’ನಲ್ಲಿ ಹೇಳಿಸಿದ. ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ವೃತ್ತಿಯನ್ನು ತೊರೆಯದೆ ಸತ್ತ ನಟನಿಗೆ ಧರ್ಮಸಭೆ ಅಂತ್ಯಸಂಸ್ಕಾರ ನಿರಾಕರಿಸುತ್ತಿತ್ತು. 1673ರಲ್ಲಿ ಮೋಲಿಯೇರ್ ತೀರಿಕೊಂಡಾಗ ದೊರೆಯೇ ನಡುವೆ ಬರಬೇಕಾಯಿತು, ಹೂಳಿದ್ದು ರಾತ್ರಿಯ ಹೊತ್ತಿನಲ್ಲಿ.

ಗಿನ್ನೆಸ್ ಹುಟ್ಟಿದ್ದು ಲಂಡನ್ನಿನಲ್ಲಿ. ತಾಯಿ ಆಗ್ನೆಸ್ ಕಫ್. ಜನನ ದಾಖಲೆಯಲ್ಲಿ ತಂದೆಯ ಹೆಸರು ಬರೆಯುವ ಜಾಗ ಖಾಲಿಯಿತ್ತು, ಬಾಲ್ಯದಲ್ಲಿ ಕೆಲವು ವರ್ಷ ಅವರು ಮಲತಂದೆಯ ಹೆಸರನ್ನು ಹೊತ್ತರು. ತಾನು ಯಾರೆಂದು ತಿಳಿಯದ ಹುಡುಗ ಎಲ್ಲರೂ ಆಗಬಲ್ಲ ನಟನಾದ ಎಂದು ಇದರಿಂದ ತೀರ್ಮಾನಿಸುವುದು ಸುಲಭ. ಆ ತೀರ್ಮಾನ ನಿಲ್ಲುವುದಿಲ್ಲ. ‘ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್’ (1957) ಚಿತ್ರದಲ್ಲಿ ಯುದ್ಧಕೈದಿಯಾದ ಕರ್ನಲ್ ನಿಕೊಲ್ಸನ್ ಸುಡುವ ತಗಡಿನ ಗೂಡಿನಿಂದ ಹೊರಬಂದು ತೂರಾಡುತ್ತ ನಡೆಯುತ್ತಾನೆ, ಸೈನಿಕನ ಠೀವಿ ಮಾತ್ರ ಬಿಡುವುದಿಲ್ಲ. ಅದಕ್ಕೂ ಮುಂಚೆ ಗಿನ್ನೆಸ್ ಅವರ ಮಗ ಮ್ಯಾಥ್ಯೂಗೆ ಪೋಲಿಯೋ ಬಡಿದು ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತ್ತು. ಹುಡುಗ ಮತ್ತೆ ಕಾಲೂರಲು ಕಲಿತಾಗಿನ ನಡಿಗೆಯೇ ತಮಗೆ ಅರಿವಿಲ್ಲದೆ ನಿಕೊಲ್ಸನ್‌ನ ನಡಿಗೆಯಾಯಿತೆಂದು ಅವರು ಹೇಳಿಕೊಂಡಿದ್ದಾರೆ. ಆಸ್ಕರ್ ಪ್ರಶಸ್ತಿ ತಂದ ಆ ಪಾತ್ರದೊಳಗೆ ಒಬ್ಬ ತಂದೆಯ ಕಣ್ಣಿತ್ತು. ಒಳಗೆ ಏನೂ ಇಲ್ಲದವನಿಗೆ ಅಂಥ ನಡಿಗೆ ಎಲ್ಲಿಂದ ಬರಬೇಕು?

ನಂಬಿಕೆಯ ಪ್ರಶ್ನೆ ಇನ್ನೂ ಜಟಿಲವಾದದ್ದು. 1954ರಲ್ಲಿ ತೆರೆಕಂಡ ‘ಫಾದರ್ ಬ್ರೌನ್’ ಚಿತ್ರದಲ್ಲಿ ಗಿನ್ನೆಸ್ ಕ್ಯಾಥೋಲಿಕ್ ಪಾದ್ರಿಯಾಗಿದ್ದರು. ಫ್ರಾನ್ಸಿನ ಬರ್ಗಂಡಿ ಪ್ರಾಂತದ ಹಳ್ಳಿಯೊಂದರಲ್ಲಿ ಚಿತ್ರೀಕರಣ ನಡೆದಿತ್ತು. ಒಂದು ಸಂಜೆ ಪಾದ್ರಿಯ ನಿಲುವಂಗಿಯಲ್ಲೇ ಅವರು ಬಿಡಾರಕ್ಕೆ ನಡೆದು ಹೋಗುತ್ತಿದ್ದಾಗ ಒಬ್ಬ ಪುಟ್ಟ ಹುಡುಗ ಓಡಿ ಬಂದು, ಫಾದರ್ ಎಂದು ಕರೆದು ಕೈ ಹಿಡಿದುಕೊಂಡ. ದಾರಿಯುದ್ದಕ್ಕೂ ಏನೇನೋ ಹರಟಿದ. ಮಾತಾಡಿದರೆ ಮಗು ಹೆದರೀತೆಂದು ಗಿನ್ನೆಸ್ ಸುಮ್ಮನಿದ್ದರು. ಆಮೇಲೆ ಹುಡುಗ ವಿದಾಯ ಹೇಳಿ ಬೇಲಿಯ ಸಂದಿಯಲ್ಲಿ ನುಸುಳಿ ಹೋದ. 1985ರ ಆತ್ಮಕಥೆ ‘ಬ್ಲೆಸ್ಸಿಂಗ್ಸ್ ಇನ್ ಡಿಸ್ಗೈಸ್’ನಲ್ಲಿ ಅವರು ಇದನ್ನು ಬರೆದಿದ್ದಾರೆ. ಗುರುತಿಲ್ಲದ ಪಾದ್ರಿಯ ಮೇಲೂ ಮಗುವಿಗೆ ಇಷ್ಟು ಭರವಸೆ ಹುಟ್ಟಿಸಬಲ್ಲ ಧರ್ಮಸಭೆ ತಾವು ಕೇಳಿ ಬೆಳೆದಷ್ಟು ಕುಟಿಲವಾಗಿರಲಾರದು ಎಂದು ಅವರಿಗೆ ಅನ್ನಿಸಿತು.

ಭಾರತೀಯ ಕಾವ್ಯಮೀಮಾಂಸೆಯ ಕಣ್ಣಿನಿಂದ ನೋಡಿದರೆ ಆ ಹುಡುಗನದು ಶುದ್ಧ ಭ್ರಮೆ. ನಟನನ್ನು ರಾಮನೆಂದು ಕಾಣುವ ಪ್ರೇಕ್ಷಕನ ಅರಿವು ಸತ್ಯವೂ ಅಲ್ಲ, ಮಿಥ್ಯೆಯೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯವೂ ಅಲ್ಲ. ಚಿತ್ರದ ಕುದುರೆಯನ್ನು ಕುದುರೆ ಎನ್ನುವಂತೆ ಅದು ಬೇರೆಯೇ ಬಗೆಯದು ಎಂದು ಆ ಪರಂಪರೆಯ ಚಿಂತಕ ಶಂಕುಕ ವಾದಿಸಿದ. ಆದರೆ ಬರ್ಗಂಡಿಯ ದಾರಿಯಲ್ಲಿ ರಂಗವೂ ಇರಲಿಲ್ಲ, ಪ್ರೇಕ್ಷಕನೂ ಇರಲಿಲ್ಲ. ಪಾದ್ರಿಯಲ್ಲದವನನ್ನು ಹುಡುಗ ಪಾದ್ರಿಯೆಂದು ತಿಳಿದ, ಅಷ್ಟೆ.

ಕ್ರೈಸ್ತ ಧರ್ಮಶಾಸ್ತ್ರ ಇಲ್ಲಿ ಇನ್ನೊಂದು ಮಾತು ಸೇರಿಸುತ್ತದೆ. ದಬ್ಬಾಳಿಕೆಯ ಕಾಲದಲ್ಲಿ ಹೆದರಿ ಧರ್ಮಗ್ರಂಥಗಳನ್ನು ಒಪ್ಪಿಸಿಬಿಟ್ಟ ಪಾದ್ರಿಗಳು ಕೊಟ್ಟ ಸಂಸ್ಕಾರ ಸಲ್ಲದೆಂದು ಉತ್ತರ ಆಫ್ರಿಕದ ಡೊನಾಟಿಸ್ಟರು ಪಟ್ಟು ಹಿಡಿದಿದ್ದರು. ಸಂತ ಅಗಸ್ಟೀನ್ ಅದನ್ನು ಒಪ್ಪಲಿಲ್ಲ. ದೀಕ್ಷಾಸ್ನಾನ ಕೊಡುವವನು ಕ್ರಿಸ್ತನೇ, ಪಾದ್ರಿಯ ಯೋಗ್ಯತೆಯಿಂದ ಅದು ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ ಎಂದರು. ಅಂದರೆ ನಿಜವಾದ ಪಾದ್ರಿಯೂ ಬಲಿಪೀಠದ ಮುಂದೆ ತನ್ನದಲ್ಲದ ಪಾತ್ರವನ್ನೇ ವಹಿಸುತ್ತಾನೆ. ಹುಡುಗ ಹಿಡಿದದ್ದು ಗಿನ್ನೆಸ್ ಎಂಬ ವ್ಯಕ್ತಿಯ ಕೈಯನ್ನಲ್ಲ, ಒಂದು ಪದವಿಯ ಕೈಯನ್ನು.

ಈ ವಾದವನ್ನು ಇಲ್ಲಿಗೇ ಬಿಡುವುದು ಅಪಾಯ. ಮಕ್ಕಳು ಕೆಟ್ಟವರನ್ನೂ ನಂಬುತ್ತಾರೆ. ಅದೇ ನಿಲುವಂಗಿಯನ್ನು ನಂಬಿದ ಮಕ್ಕಳ ಮೇಲೆ ಎಷ್ಟೋ ಪಾದ್ರಿಗಳು ದೌರ್ಜನ್ಯ ಎಸಗಿದ್ದು ನಂತರದ ದಶಕಗಳಲ್ಲಿ ಹಲವು ದೇಶಗಳಲ್ಲಿ ಬಯಲಾಯಿತು. ಅಗಸ್ಟೀನರ ಸಿದ್ಧಾಂತ ಕಾಯುವುದು ಸಂಸ್ಕಾರ ಪಡೆದವನನ್ನು, ಅಂಗಿ ತೊಟ್ಟವನನ್ನಲ್ಲ. ವೇಷದ ಮೇಲೆ ಇಟ್ಟ ನಂಬಿಕೆ ತೊಟ್ಟವನ ತಲೆಯ ಮೇಲೆ ಋಣವಾಗಿ ಕೂರುತ್ತದೆ, ಅದನ್ನು ತೀರಿಸಬೇಕಾದವನು ಅವನೇ. ಹಳ್ಳಿಯ ದಾರಿಯಲ್ಲಿ ಮಾತಿಲ್ಲದೆ, ಕೈ ಬಿಡಿಸಿಕೊಳ್ಳದೆ ನಡೆದ ನಟ ಆ ಹೊತ್ತಿಗೆ ತನ್ನ ಪಾಲಿನದನ್ನು ತೀರಿಸಿದ್ದ.

1955ರ ‘ದಿ ಪ್ರಿಸನರ್’ ಇದೇ ಪ್ರಶ್ನೆಯನ್ನು ಒಳಗಿನಿಂದ ಕೆದಕಿತು. ಅಲ್ಲಿ ಗಿನ್ನೆಸ್ ಸರ್ವಾಧಿಕಾರಿ ಪ್ರಭುತ್ವದ ಸೆರೆಯಲ್ಲಿರುವ ಕಾರ್ಡಿನಲ್. ವಿಚಾರಣಾಧಿಕಾರಿ ಅವನನ್ನು ಮುರಿಯುವುದು ಚಿತ್ರಹಿಂಸೆಯಿಂದಲ್ಲ. ನಿನ್ನ ಸೇವೆ ಭಕ್ತಿಯಲ್ಲ, ಹುಟ್ಟಿನ ಅವಮಾನ ಮರೆಸಲು ತೊಟ್ಟ ಅಹಂಕಾರದ ವೇಷ ಎಂದು ಅವನ ಬಾಯಿಂದಲೇ ಒಪ್ಪಿಸುತ್ತಾನೆ. ಅವರ ಪಾತ್ರಗಳಲ್ಲಿ ಧರ್ಮಜಿಜ್ಞಾಸೆಯ ದೃಷ್ಟಿಯಿಂದ ಇದಕ್ಕಿಂತ ದೊಡ್ಡದಿಲ್ಲ.

ಮಗನ ಕಾಯಿಲೆಯ ದಿನಗಳಲ್ಲಿ ಗಿನ್ನೆಸ್ ಕೆಲಸದಿಂದ ಮರಳುವಾಗ ಲಂಡನ್ನಿನ ಹ್ಯಾಮರ್‌ಸ್ಮಿತ್‌ನ ಕ್ಯಾಥೋಲಿಕ್ ಚರ್ಚಿಗೆ ಹೋಗಿ ಕೂರುತ್ತಿದ್ದರು. ಮಗ ಚೇತರಿಸಿಕೊಂಡರೆ, ಅವನು ಕ್ಯಾಥೋಲಿಕನಾಗಲು ಬಯಸಿದಾಗ ಅಡ್ಡಿ ಮಾಡುವುದಿಲ್ಲ ಎಂದು ಹರಕೆಯಂಥದೊಂದನ್ನು ಹೊತ್ತರು. ಹುಡುಗ ಚೇತರಿಸಿಕೊಂಡ. 1956ರಲ್ಲಿ ಗಿನ್ನೆಸ್ ಕ್ಯಾಥೋಲಿಕ್ ಧರ್ಮಸಭೆ ಸೇರಿದರು, ಮರುವರ್ಷ ಹೆಂಡತಿ ಮೆರೂಲಾ ಕೂಡ. ಆ ನಂಬಿಕೆ ಕೊನೆಯವರೆಗೂ ಉಳಿಯಿತು.

1977ರ ‘ಸ್ಟಾರ್ ವಾರ್ಸ್’ ಅವರ ಮುಂದೆ ಇನ್ನೊಬ್ಬ ಹುಡುಗನನ್ನು ತಂದು ನಿಲ್ಲಿಸಿತು. ಗುರುಸ್ಥಾನದ ಓಬಿ-ವಾನ್ ಪಾತ್ರ ಅವರಿಗೆ ಜಗತ್ತಿನಾದ್ಯಂತ ಹೆಸರನ್ನೂ ಹಣವನ್ನೂ ತಂದಿತ್ತು. ಚಿತ್ರವನ್ನು ನೂರಕ್ಕೂ ಹೆಚ್ಚು ಸಲ ನೋಡಿದ್ದೇನೆಂದ ಹುಡುಗನೊಬ್ಬನಿಗೆ, ಅದನ್ನು ಇನ್ನೆಂದೂ ನೋಡಬಾರದೆಂದು ಗಿನ್ನೆಸ್ ಕೇಳಿಕೊಂಡರು. ಹುಡುಗ ಅತ್ತ, ತಾಯಿ ಸಿಟ್ಟಾದಳು. ಮೇಲ್ನೋಟಕ್ಕೆ ಇದು ಕ್ರೂರ. ಮೊದಲ ಹುಡುಗನ ನಂಬಿಕೆ ವೇಷವನ್ನು ದಾಟಿ ಮುಂದೆ ಹೋಗಿತ್ತು, ಈ ಹುಡುಗನದು ವೇಷದಲ್ಲೇ ಸಿಕ್ಕಿಕೊಂಡಿತ್ತು. ಅಲ್ಲಿ ಸುಮ್ಮನಿದ್ದು ತೀರಿಸಿದ ಋಣವನ್ನು ಇಲ್ಲಿ ಮಾತಾಡಿ ತೀರಿಸಬೇಕಾಯಿತು.

ಎಲ್ಲ ವೇಷಗಳ ಋಣವೂ ಹೀಗೆ ಸಂದಾಯವಾಗಲಿಲ್ಲ. 1948ರ ‘ಆಲಿವರ್ ಟ್ವಿಸ್ಟ್’ನಲ್ಲಿ ಯಹೂದಿ ಫೇಗಿನ್‌ಗಾಗಿ ಅವರು ಹಚ್ಚಿಕೊಂಡ ದೊಡ್ಡ ಕೊಕ್ಕೆಮೂಗು, ಯಹೂದಿಗಳ ನರಮೇಧ ಮುಗಿದು ಮೂರೇ ವರ್ಷವಾಗಿದ್ದಾಗ, ಹಳೆಯ ದ್ವೇಷದ ಚಿತ್ರಗಳನ್ನೇ ನೆನಪಿಸಿತು. ಬರ್ಲಿನ್‌ನಲ್ಲಿ ಪ್ರತಿಭಟನೆಗಳಾದವು, ಅಮೆರಿಕದಲ್ಲಿ ಬಿಡುಗಡೆ 1951ರವರೆಗೆ ತಡವಾಯಿತು. 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ದ ಬಹುಭಾಗವನ್ನು ಡೇವಿಡ್ ಲೀನ್ ಬೆಂಗಳೂರಿನಲ್ಲೂ ರಾಮನಗರ, ಸಾವನದುರ್ಗಗಳ ಬಂಡೆಬೆಟ್ಟಗಳಲ್ಲೂ ಚಿತ್ರಿಸಿದರು. ಅದರಲ್ಲಿ ಗಿನ್ನೆಸ್ ಮೈಬಣ್ಣ ಬದಲಿಸಿಕೊಂಡು ಬ್ರಾಹ್ಮಣ ಪ್ರೊಫೆಸರ್ ಗೋಡ್ಬೋಲೆಯಾದರು. ಗೋಡ್ಬೋಲೆ ಕಥೆಯ ಆಧ್ಯಾತ್ಮಿಕ ಕೇಂದ್ರ. ತೆರೆಯ ಮೇಲೆ ಅವನು ವಿಲಕ್ಷಣ ಮುದುಕನಾಗಿ ಮಾತ್ರ ಉಳಿದ. ಪಾದ್ರಿಯ ಅಂಗಿಯ ಹಿಂದಿನ ನಂಬಿಕೆಯನ್ನು ಗೌರವಿಸಿದ ನಟ ಇಲ್ಲಿ ಇನ್ನೊಂದು ಜನರ ಶ್ರದ್ಧೆಯನ್ನು ಹೊರಗಿನಿಂದಷ್ಟೇ ತೊಟ್ಟರು. ಇದು ಆ ವೃತ್ತಿಜೀವನದ ಸೋಲು, ತಪ್ಪಿಸಬಹುದಾಗಿದ್ದ ಸೋಲು. ಅದೇ ಚಿತ್ರದಲ್ಲಿ ಡಾ. ಅಜೀಜ್ ಆಗಿ ವಿಕ್ಟರ್ ಬ್ಯಾನರ್ಜಿ ಇದ್ದರು, ರೋಶನ್ ಸೇಠ್, ಸಯೀದ್ ಜಾಫ್ರಿ ಇದ್ದರು. ಗೋಡ್ಬೋಲೆಗೂ ಭಾರತೀಯ ನಟನೊಬ್ಬ ಸಿಗುತ್ತಿದ್ದ.