ಸಂದರ್ಶನ ವೈವಾ ಅಲ್ಲ

ಅಮೆರಿಕದಲ್ಲಿ ಕೆಲಸ ಹುಡುಕುವ ನಮ್ಮ ಹುಡುಗ ಹುಡುಗಿಯರಿಗೆ ವಿದ್ಯೆಯ ಕೊರತೆಯಿಲ್ಲ. ತಾವು ಮಾಡಿದ್ದನ್ನು ತಾವೇ ಹೇಳಿಕೊಳ್ಳಲು ಮಾತ್ರ ಸಂಕೋಚ. ಹಿರಿಯರೆದುರು ಕೇಳಿದಷ್ಟಕ್ಕೇ ಉತ್ತರಿಸಬೇಕೆಂದು ಕಲಿತು ಬೆಳೆದವರು ನಾವು. ಕಾಲೇಜಿನ ವೈವಾಕ್ಕೆ ಅದು ಸಾಕಿತ್ತು, ಇಲ್ಲಿನ ಸಂದರ್ಶನಕ್ಕೆ ಸಾಲದು.

ಕಂಪನಿಯ ಪರವಾಗಿ ಪ್ರಶ್ನೆ ಕೇಳಲು ಕೂತಾಗಲೆಲ್ಲ ಇದನ್ನು ಕಂಡಿದ್ದೇನೆ. "ತಂಡದಲ್ಲಿ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಿದಿರಿ?" ಎಂದರೆ, "ಹಾಗೇನೂ ಆಗಲಿಲ್ಲ, ಎಲ್ಲರೂ ಹೊಂದಿಕೊಂಡೇ ಹೋದೆವು" ಎನ್ನುತ್ತಾರೆ. ಸೌಜನ್ಯದ ಮಾತೇ, ಆದರೆ ಕೇಳಿದವರಿಗೆ ಬರೆದುಕೊಳ್ಳಲು ಏನೂ ಸಿಗುವುದಿಲ್ಲ. ಪರಿಸ್ಥಿತಿ ಏನಿತ್ತು, ನಿಮ್ಮ ಹೊಣೆ ಯಾವುದು, ನೀವೇ ಏನು ಮಾಡಿದಿರಿ, ಫಲ ಏನಾಯಿತು ಎಂಬುದು ಅವರಿಗೆ ಬೇಕು. ಇದನ್ನೇ 'ಸ್ಟಾರ್' ಕ್ರಮ ಎನ್ನುತ್ತಾರೆ. ಅಮೆಜಾನ್ ತನ್ನ 16 ಲೀಡರ್‌ಶಿಪ್ ತತ್ವಗಳನ್ನು ಬಹಿರಂಗವಾಗಿಯೇ ಪ್ರಕಟಿಸಿ, ಈ ಕ್ರಮದಲ್ಲಿ ಉತ್ತರಿಸಿ ಎಂದು ಅಭ್ಯರ್ಥಿಗಳಿಗೆ ಮೊದಲೇ ತಿಳಿಸುತ್ತದೆ.

ಊರಿನ ಬಯೋಡೇಟಾದಲ್ಲಿದ್ದ ತಂದೆಯ ಹೆಸರು, ಹುಟ್ಟಿದ ದಿನಾಂಕ, ಮದುವೆಯ ವಿವರ, ಫೋಟೊ ಯಾವುದೂ ಇಲ್ಲಿನ ರೆಸ್ಯೂಮೆಯಲ್ಲಿ ಬೇಡ. 1964ರ ನಾಗರಿಕ ಹಕ್ಕುಗಳ ಕಾಯ್ದೆಯಡಿ ಧರ್ಮ, ಲಿಂಗ, ಮೂಲ ದೇಶ ನೋಡಿ ಭೇದ ಮಾಡುವಂತಿಲ್ಲ. ಕೆಲಸಕ್ಕೆ ಅನುಮತಿ ಇದೆಯೇ, ವೀಸಾ ಸ್ಪಾನ್ಸರ್‌ಶಿಪ್ ಬೇಕೇ ಎಂದು ಕೇಳಬಹುದು. ಅದಕ್ಕೆ ಇದ್ದದ್ದನ್ನು ಇದ್ದ ಹಾಗೇ ಹೇಳಿ. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಹಳೆಯ ಸಂಬಳ ಕೇಳುವಂತಿಲ್ಲ. ಆದರೂ ನಮ್ಮವರು ತಾವಾಗಿಯೇ ಹೇಳಿಬಿಡುತ್ತಾರೆ!

ನನಗೆ ಹೆಚ್ಚು ನೋವಾಗುವುದು ಸಂಗಾತಿಯ ಕೆಲಸದ ವೀಸಾವನ್ನು ಅವಲಂಬಿಸಿದ ಎಚ್-4 ವೀಸಾದಲ್ಲಿ ಬಂದು, ವರ್ಷಗಟ್ಟಲೆ ಕೆಲಸವಿಲ್ಲದೆ ಉಳಿದ ಹೆಣ್ಣುಮಕ್ಕಳನ್ನು ಕಂಡಾಗ. ಸಂಗಾತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ಮುಟ್ಟಿದ್ದರೆ ಅವರೂ ದುಡಿಯಬಹುದೆಂಬ ನಿಯಮ ಬಂದದ್ದೇ 2015ರಲ್ಲಿ. ಆ ಖಾಲಿ ವರ್ಷಗಳ ಮಾತು ಬಂದರೆ ತಪ್ಪು ಮಾಡಿದವರಂತೆ ದನಿ ತಗ್ಗಿಸುತ್ತಾರೆ. ಯಾಕೆ ತಗ್ಗಿಸಬೇಕು? ವೀಸಾ ನಿಯಮ ಹಾಗಿತ್ತು ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ. ಕನ್ನಡ ಶಾಲೆಯಲ್ಲಿ ಪಾಠ ಮಾಡಿದ್ದು, ಕನ್ನಡ ಕೂಟದ ಲೆಕ್ಕಪತ್ರ ನೋಡಿಕೊಂಡಿದ್ದು, ಯುಗಾದಿ ಊಟಕ್ಕೆ ಸ್ವಯಂಸೇವಕರನ್ನು ಕೂಡಿಸಿ ಹೊತ್ತಿಗೆ ಸರಿಯಾಗಿ ಬಡಿಸಿದ್ದು, ಇವೆಲ್ಲ ಅನುಭವವೇ. ರೆಸ್ಯೂಮೆಯಲ್ಲಿ ಹೆಮ್ಮೆಯಿಂದ ಬರೆಯಿರಿ.

ಕೂಟದ ಹಿರಿಯರಲ್ಲಿ ಒಂದು ವಿನಂತಿ. ನಮ್ಮಲ್ಲಿ ಹಲವರು ಕಂಪನಿಗಳಲ್ಲಿ ಜನರನ್ನು ಆರಿಸುವ ಜಾಗದಲ್ಲಿದ್ದೇವೆ. ಕನ್ನಡ ಶಾಲೆ ನಡೆಯುವ ಹೊತ್ತಿನಲ್ಲೇ ಒಂದು ಕೋಣೆ ಬಿಡಿಸಿಕೊಂಡು, ತಿಂಗಳಿಗೊಮ್ಮೆ ಹೊಸಬರಿಗೆ ಅಣಕು ಸಂದರ್ಶನ ನಡೆಸೋಣ. ಬರುವವರು ಈ ಸಂಚಿಕೆ ಕೈ ಸೇರಿದ ವಾರವೇ ಕಾರ್ಯಕಾರಿ ಸಮಿತಿಗೆ ಹೆಸರು ಕೊಡಿ.