ವರ್ತಿ ನೀರು ಯಾರದು?

ಹಗರಿ ಬತ್ತಿದಾಗ ಉಸುಕು ತೋಡಿದರೆ ವರ್ತಿ ಜಿನುಗುತ್ತದೆ. ಹೊಳೆ ಸತ್ತಿರುವುದಿಲ್ಲ, ಉಸುಕಿನ ಸಂದಿಯೊಳಗೆ ಅಡಗಿರುತ್ತದೆ. ಊರ ಬಾವಿ ಮುಟ್ಟಗೊಡದ ನಮ್ಮ ಕೇರಿಗಳ ಜಾತಿಯನ್ನು ಆ ಉಸುಕು ಕೇಳಲಿಲ್ಲ.

ಗೆಳೆಯರೆ, 1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದಾಗ ನೀರೂ ಕಾಣುತ್ತಿತ್ತು, ತಡೆಯುವವನೂ ಕಾಣುತ್ತಿದ್ದ. ಈಗ ನೀರು ಬಂಡೆಯ ಬಿರುಕಿಗೆ ಇಳಿದೈತಿ. ತಡೆಯುವವನು ಕಾಗದದೊಳಗೆ ಕುಂತಾನ. ಹೊಲ ಯಾರದೋ ಅದರಡಿಯ ನೀರೆತ್ತುವ ಹಕ್ಕೂ ಅವರದೇ ಎನ್ನುತ್ತದೆ 1882ರ ಈಸ್‌ಮೆಂಟ್ ಕಾಯ್ದೆ. ಹಂಗಾದರ ಹೊಲವೇ ಇಲ್ಲದವರ ಪಾಲು ಯಾವ ನೆಲದಡಿ ಐತಿ?

ನೀರಿಗೆ ಬೇಲಿ ಗೊತ್ತಿಲ್ಲ. ದಂಡೆಯ ತೋಟದ ಬೋರು ತನ್ನ ತೋಟದ್ದನ್ನಷ್ಟೇ ಎತ್ತುವುದಿಲ್ಲ, ಹೊಳೆಯ ಒಡಲಿನದನ್ನೂ ಸೆಳೆಯುತ್ತದೆ. ಇತ್ತ ಪಟ್ಟಣದ ಮನೆಗಳಿಗೆಂದು ಉಸುಕು ಟ್ರ್ಯಾಕ್ಟರ್ ಏರುತ್ತದೆ. ಉಸುಕು ಹೋದರೆ ನೀರು ಹಿಡಿದ ಗಡಿಗೆಯೇ ಒಡೆದಂತೆ. (ಅದನ್ನು ತುಂಬುವ ಕೂಲಿಗಳೂ ನಮ್ಮವರೇ. ಹಸಿವಿಗೆ ಬೈಯುವುದು ಹೆಂಗ?)

ರಾಜ್ಯದ 2011ರ ಅಂತರ್ಜಲ ಕಾಯ್ದೆಯ ಪ್ರಕಾರ ಅಧಿಸೂಚಿತ ಪ್ರದೇಶದಲ್ಲಿ ಬೋರಿಗೆ ಅನುಮತಿ ಬೇಕು. ಕೇಳುವವನು ಹೊಲದವನು, ಕೊಡುವವನು ಅಧಿಕಾರಿ. ವರ್ತಿ ತೋಡಿದ ಹೆಂಗಸು ಆ ಕಡತದಲ್ಲಿ ಎಲ್ಲಿದ್ದಾಳೆ? ಯಾವ ವರ್ಷ ಮೊಳಕೈ ಆಳಕ್ಕೆ ನೀರು ಸಿಕ್ಕಿತು, ಯಾವ ವರ್ಷ ಆಳು ಮುಳುಗುವಷ್ಟು ತೋಡಬೇಕಾಯಿತು, ಆಕೆಗೆ ಗೊತ್ತೈತಿ. ಮೊದಲು ಆ ಲೆಕ್ಕ ಬರೆದುಕೊಳ್ಳಿ, ಆಮೇಲೆ ಬೋರಿನ ಅರ್ಜಿಗೆ ಸಹಿ ಹಾಕಿ.