ಮೊದಲು ಮಾತು ಕೇಳಿಸಲಿ

ಮನೆಮಂದಿಯೆಲ್ಲ ಕೂತು ಸಿನಿಮಾ ನೋಡುವಾಗ ರಿಮೋಟ್ ಹಿಡಿದವರಿಗೆ ಕೈಬಿಡುವಿರುವುದಿಲ್ಲ. ಮಾತಿನ ದೃಶ್ಯ ಬಂದರೆ ಧ್ವನಿ ಏರಿಸಬೇಕು, ಹೊಡೆದಾಟ ಬಂದರೆ ಇಳಿಸಬೇಕು. ಏರಿಸದಿದ್ದರೆ ಅಜ್ಜಿಗೆ ಏನೂ ತಿಳಿಯದು, ಇಳಿಸದಿದ್ದರೆ ಒಳಗೆ ಮಲಗಿದ ಮಗು ಎದ್ದು ಅಳುತ್ತದೆ. ಟಿವಿಗಳು ತೆಳ್ಳಗಾಗುತ್ತ ಹೋದಂತೆ ಅವುಗಳೊಳಗೆ ಒಳ್ಳೆಯ ಸ್ಪೀಕರ್‌ಗೆ ಜಾಗವೇ ಉಳಿದಿಲ್ಲ. ಇರುವ ಪುಟ್ಟ ಸ್ಪೀಕರ್‌ಗಳೂ ಎಷ್ಟೋ ಟಿವಿಗಳಲ್ಲಿ ನೆಲಕ್ಕೋ ಗೋಡೆಗೋ ಮುಖ ಮಾಡಿರುತ್ತವೆ. ಆಗ ಹೋಂ ಥಿಯೇಟರ್ ತರೋಣವೆಂಬ ಮಾತು ಬರುತ್ತದೆ. ನಮ್ಮ ಹತ್ತು–ಹನ್ನೆರಡು ಅಡಿಯ ಹಾಲಿನಲ್ಲಿ ಎದೆಯೆತ್ತರದ ಸ್ಪೀಕರ್ ನಿಲ್ಲಿಸುವಂತಿಲ್ಲ. ಶೋಕೇಸ್ ಮೇಲೆ ಕೂರುವಂಥದ್ದೇ ಬೇಕು. ಬೆಂಗಳೂರಿನ ಎಸ್.ಪಿ. ರೋಡಿನಿಂದ ಊರಿನ ಸಣ್ಣ ಎಲೆಕ್ಟ್ರಾನಿಕ್ಸ್ ಅಂಗಡಿಯವರೆಗೆ ಅಂಥವು ಸಾಲುಸಾಲಾಗಿ ಸಿಗುತ್ತವೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಹಾಕಿ ಕೇಳಿಸುವುದು ಬಾಂಬ್ ಸಿಡಿಯುವ ದೃಶ್ಯವನ್ನೋ ಎದೆ ಅದುರಿಸುವ ಹಾಡನ್ನೋ. ಕೊಳ್ಳುವವರು ಅಲ್ಲಿ ಕೇಳಬೇಕಾದದ್ದು ಮನುಷ್ಯರ ಮಾತನ್ನು.

ಮನೆಯ ಹಿರಿಯರು ಅರ್ಧ ಸಿನಿಮಾಕ್ಕೇ ಎದ್ದು ಹೋದರೆ ಕಥೆ ಹಿಡಿಸಲಿಲ್ಲವೆಂದು ನಾವು ತಿಳಿಯುತ್ತೇವೆ. ಎಷ್ಟೋ ಸಲ ಅವರಿಗೆ ಮಾತು ಬಿಟ್ಟುಹೋಗಿರುತ್ತದೆ, ಅಷ್ಟೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ವರಗಳನ್ನು. ಸ, ಶ, ಚ, ತ ಮುಂತಾದ ವ್ಯಂಜನಗಳ ಗುರುತು ಇರುವುದು ಬಹುಪಾಲು 2000 ಹರ್ಟ್ಸ್‌ನಿಂದ ಮೇಲೆ. ಅಲ್ಲಿ ಮಸುಕಾದರೆ ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಅಂಥವರಿಗಾಗಿ ಬೇಸ್ ಏರಿಸಿದರೆ ಮಾತು ಇನ್ನಷ್ಟು ಮುಚ್ಚಿಹೋಗುತ್ತದೆ. ಕೊಳ್ಳುವ ಮೊದಲು ಇದನ್ನೊಂದು ನೆನಪಿಟ್ಟರೂ ಸಾಕು, ಅರ್ಧ ಆಯ್ಕೆ ಮುಗಿದಂತೆ.

1992ರಲ್ಲಿ ‘ಬ್ಯಾಟ್‌ಮ್ಯಾನ್ ರಿಟರ್ನ್ಸ್’ ಚಿತ್ರದೊಂದಿಗೆ ಡಾಲ್ಬಿ ಡಿಜಿಟಲ್ ಎಂಬ ಧ್ವನಿ ವ್ಯವಸ್ಥೆ ಥಿಯೇಟರಿಗೆ ಬಂತು. ಅದು ಬಳಸುವ, ಇಂದು ಮನೆಮನೆಗೂ ಗೊತ್ತಿರುವ 5.1 ಅಂದರೆ ಎದುರಿಗೆ ಮೂರು, ಪಕ್ಕ–ಹಿಂದೆ ಎರಡು, ತಗ್ಗಿನ ಸದ್ದಿಗೆ ಒಂದು ಸಬ್‌ವೂಫರ್. ಇವುಗಳಲ್ಲಿ ಪಾತ್ರಗಳ ಮಾತಿನ ಬಹುಭಾಗ ಬರುವುದು ಎದುರಿನ ನಡುವಿನದರಿಂದ, ಸೆಂಟರ್ ಸ್ಪೀಕರ್‌ನಿಂದ. ಹಣ ಹಾಕುವುದಿದ್ದರೆ ಮೊದಲು ಅದಕ್ಕೆ ಹಾಕಬೇಕು. ಟಿವಿಯ ಕೆಳಗೆ ಅಡ್ಡ ಮಲಗಿಸುವ, ತಗ್ಗಿನ ಸ್ವರದ ಎರಡು ವೂಫರ್ ನಡುವೆ ಮೇಲಿನ ಸ್ವರದ ಒಂದು ಟ್ವೀಟರ್ ಕೂರಿಸಿದ ಸೆಂಟರ್ ಸ್ಪೀಕರ್‌ಗಳು ನೋಡಲು ಚೆಂದ. ಆದರೆ ಬದಿಗೆ ಕೂತವರ ಕಿವಿಗೆ ಆ ಎರಡು ವೂಫರ್‌ಗಳ ಅಲೆಗಳು ಒಂದಕ್ಕಿಂತ ಇನ್ನೊಂದು ಕ್ಷಣಕಾಲ ತಡವಾಗಿ ಮುಟ್ಟಿ, ಕೆಲವು ಸ್ವರಗಳಲ್ಲಿ ಒಂದನ್ನೊಂದು ಕಡಿದುಹಾಕುತ್ತವೆ. ನಮ್ಮ ಮನೆಗಳಲ್ಲಿ ಎಲ್ಲರೂ ನಟ್ಟನಡುವೆ ಕೂರುವುದಿಲ್ಲವಲ್ಲ. ಒಬ್ಬರು ದಿವಾನದ ತುದಿಯಲ್ಲಿ, ಒಬ್ಬರು ಅಡುಗೆಮನೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಮಕ್ಕಳು ನೆಲದಲ್ಲಿ. ಜಾಗವಿದ್ದರೆ ಎಡಬಲಕ್ಕೆ ಇಟ್ಟಂಥದ್ದೇ ಸಣ್ಣ ಸ್ಪೀಕರ್ ಒಂದನ್ನು ನಡುವೆಯೂ ನೆಟ್ಟಗೆ ನಿಲ್ಲಿಸಿ, ಕೂತವರ ಮುಖದ ಕಡೆಗೆ ತುಸು ಮೇಲಕ್ಕೆ ಬಾಗಿಸಿದರೆ ಎಲ್ಲ ಮೂಲೆಗೂ ಮಾತು ಹೆಚ್ಚು ಸಮವಾಗಿ ತಲುಪುತ್ತದೆ.

ಇನ್ನು ಗಾತ್ರದ ವಿಷಯ. 40 ಹರ್ಟ್ಸ್‌ನ ಒಂದು ಅಲೆಯ ಉದ್ದ ಸುಮಾರು 28 ಅಡಿ, ನಮ್ಮ ಹಾಲಿಗಿಂತ ದೊಡ್ಡದು. ಅಂಥ ಅಲೆ ಎಬ್ಬಿಸಲು ತುಂಬ ಗಾಳಿಯನ್ನು ತಳ್ಳಬೇಕು. ಸ್ವರ ಒಂದು ಸ್ಥಾಯಿ ಕೆಳಗಿಳಿದರೆ, ಅಷ್ಟೇ ಜೋರಾಗಿ ಕೇಳಿಸಲು ಸ್ಪೀಕರ್‌ನ ಕೋನ್ ನಾಲ್ಕು ಪಟ್ಟು ದೂರ ಹಿಂದೆಮುಂದೆ ಓಡಬೇಕು. ಮೂರಿಂಚಿನ ಕೋನ್ ಎಲ್ಲಿಗೆಂದು ಓಡೀತು? ಆಂಟನ್ ಹಾಫ್‌ಮನ್ ಅಮೆರಿಕದ ಕೆಎಲ್‌ಎಚ್ ಎಂಬ ಸ್ಪೀಕರ್ ಕಂಪನಿಯ ಸ್ಥಾಪಕರಲ್ಲೊಬ್ಬರು. ಈ ಮಿತಿಯನ್ನು ಹೇಳುವ ಒಂದು ನಿಯಮ ಅವರ ಹೆಸರಿನಲ್ಲಿ ಇಂದಿಗೂ ನಡೆಯುತ್ತಿದೆ: ಸಣ್ಣ ಡಬ್ಬಿ, ಆಳದ ಬೇಸ್, ಕಡಿಮೆ ಕರೆಂಟಿನಲ್ಲಿ ಜೋರು ಸದ್ದು, ಈ ಮೂರರಲ್ಲಿ ಎರಡು ಸಿಗುತ್ತವೆ, ಮೂರನೆಯದನ್ನು ಬಿಟ್ಟುಕೊಡಬೇಕು.

1954ರಲ್ಲಿ ಎಡ್ಗರ್ ವಿಲ್ಚುರ್ ತಮ್ಮ ಶಿಷ್ಯ ಹೆನ್ರಿ ಕ್ಲಾಸ್ ಜೊತೆ ಸೇರಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಅಕೌಸ್ಟಿಕ್ ರಿಸರ್ಚ್ ಎಂಬ ಸ್ಪೀಕರ್ ಕಂಪನಿ ಕಟ್ಟಿದಾಗ ಆಳದ ಬೇಸ್ ಬೇಕೆಂದರೆ ಬೀರುವಿನಷ್ಟು ಪೆಟ್ಟಿಗೆ ಬೇಕಿತ್ತು. ವಿಲ್ಚುರ್ ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿದರು. ಒಳಗೆ ಸಿಕ್ಕಿಕೊಂಡ ಗಾಳಿಯೇ ಕೋನ್‌ಗೆ ಸ್ಪ್ರಿಂಗ್ ಆಯಿತು. ಶೆಲ್ಫಿನ ಮೇಲೆ ಇಡಬಹುದಾದ ಪೆಟ್ಟಿಗೆಯಿಂದ ಆಳದ ಬೇಸ್ ಬಂತು. ಬದಲಿಗೆ ಆಂಪ್ಲಿಫೈಯರ್ ಹೆಚ್ಚು ಶಕ್ತಿ ಉಣಿಸಬೇಕಾಯಿತು. 1970ರ ದಶಕದಲ್ಲಿ ಬ್ರಿಟನ್ನಿನ ಬಿಬಿಸಿ ಎಂಜಿನಿಯರುಗಳು ಬೇರೆ ದಾರಿ ಹಿಡಿದರು. ಹೊರಾಂಗಣ ಪ್ರಸಾರದ ವ್ಯಾನಿನ ಇಕ್ಕಟ್ಟಿನಲ್ಲಿ ಕೂತು ಕೇಳಲು ಅವರು ಮಾಡಿಕೊಂಡ ಎಲ್‌ಎಸ್3/5ಎ ಎಂಬ ಸ್ಪೀಕರ್‌ನ ಎತ್ತರ ಒಂದಡಿ, ಅಗಲ ಏಳೂವರೆ ಇಂಚು. ಅವರು ಆಳದ ಬೇಸನ್ನೂ ಜೋರನ್ನೂ ಬಿಟ್ಟುಕೊಟ್ಟರು, ಮನುಷ್ಯನ ದನಿಯನ್ನು ಉಳಿಸಿಕೊಂಡರು. ಆ ಸ್ಪೀಕರನ್ನು ಇಂದಿಗೂ ತಯಾರಿಸುತ್ತಾರೆ, ಜನ ಇಂದಿಗೂ ಕೊಳ್ಳುತ್ತಾರೆ. ಸಣ್ಣ ಸ್ಪೀಕರ್‌ನಿಂದ ಏನನ್ನು ಬೇಡಬೇಕೆಂದು ಅವರಷ್ಟು ಸ್ಪಷ್ಟವಾಗಿ ತಿಳಿದವರು ಕಡಿಮೆ ಎಂದೇ ನನ್ನ ಎಣಿಕೆ.

ಮನೆಯಲ್ಲಿ ಬೇಸಿನ ಹೊಣೆ ಸಬ್‌ವೂಫರ್‌ನದು. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಗೊತ್ತಾಗುವುದು ಕಷ್ಟ. ಹಾಗಾಗಿ ಅದನ್ನು ಎಲ್ಲಿಟ್ಟರೂ ಆಭಾಸವಾಗದು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಡಬ್ಬಿ ಸ್ಪೀಕರ್‌ಗಳ ತೊಂದರೆ ಶುರುವಾಗುವುದು ಇಲ್ಲಿಯೇ. ಅವು 150, 200 ಹರ್ಟ್ಸ್‌ಗಿಂತ ಕೆಳಗಿಳಿಯಲಾರವು. ಅಲ್ಲಿಯವರೆಗಿನ ಭಾಗವನ್ನೂ ಸಬ್‌ವೂಫರ್ ಹೊರಬೇಕಾಗುತ್ತದೆ. ಗಂಡಸರ ಮಾತಿನ ಬುನಾದಿ ಇರುವುದೇ 100ರಿಂದ 150 ಹರ್ಟ್ಸ್ ಸುತ್ತ. ಪರಿಣಾಮವಾಗಿ ತೆರೆಯ ಮೇಲೆ ಮಾತಾಡುವವನ ತುಟಿ ಮುಂದಿದ್ದರೂ ದನಿಯ ಅರ್ಧ ಸೋಫಾ ಪಕ್ಕದ ಮೂಲೆಯಿಂದ ಬರುತ್ತದೆ. ನಾಲ್ಕು–ಐದು ಇಂಚಿನ ವೂಫರ್ ಇದ್ದು, 80ರಿಂದ 100 ಹರ್ಟ್ಸ್‌ವರೆಗೆ ತಾನೇ ಇಳಿಯಬಲ್ಲ ಸ್ಪೀಕರ್ ಆರಿಸಿಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಶೋಕೇಸಿನಲ್ಲಿ ಒಂದು ಗೇಣು ಜಾಗ ಹೆಚ್ಚು ಹೋದರೆ ಹೋಗಲಿ.

ವ್ಯಾಟ್‌ಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಡಬ್ಬಿಯ ಮೇಲೆ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಎಂದು ಸಾವಿರಗಟ್ಟಲೆ ಬರೆದಿದ್ದರೆ ಅದನ್ನು ಬಿಟ್ಟು ಆರ್‌ಎಂಎಸ್ (ಸತತವಾಗಿ ಕೊಡುವ ಶಕ್ತಿ) ಎಷ್ಟೆಂದು ಕೇಳಿ. ಆಂಪ್ಲಿಫೈಯರ್ ಒಳಗೇ ಇರುವ ಸೆಟ್ ಆದರೆ ಹಿಂಬದಿಯ ಚೀಟಿಯಲ್ಲಿ ಅದು ಎಳೆಯುವ ವಿದ್ಯುತ್ ಎಷ್ಟೆಂದು ನೋಡಿ. 60 ವ್ಯಾಟ್ ಎಳೆಯುವ ಪೆಟ್ಟಿಗೆ ಸಾವಿರ ವ್ಯಾಟ್ ಸದ್ದನ್ನು ಸತತವಾಗಿ ಕೊಡಲಾರದು. ಎಂಟು–ಹತ್ತಡಿ ದೂರದಲ್ಲಿ ಕೂತು ಕೇಳುವ ಮನೆಗೆ ಹೆಚ್ಚು ಹೊತ್ತು ಕೆಲವೇ ವ್ಯಾಟ್ ಸಾಕಾಗುತ್ತದೆ.

ಅಂಗಡಿಯಲ್ಲಿ ಕಣ್ಣನ್ನು ನಂಬಬಾರದು ಎಂಬುದಕ್ಕೆ ಒಳ್ಳೆಯ ಆಧಾರವಿದೆ. 1994ರಲ್ಲಿ ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 40 ಮಂದಿಗೆ ಅವೇ ಸ್ಪೀಕರ್‌ಗಳನ್ನು ಒಮ್ಮೆ ಕಾಣದಂತೆ ಮರೆಮಾಡಿ, ಒಮ್ಮೆ ಕಣ್ಣೆದುರು ಇಟ್ಟು ಕೇಳಿಸಿ ಅಂಕ ಕೊಡಿಸಿದರು. ಮರೆಯಲ್ಲಿದ್ದಾಗ ಚೆನ್ನಾಗಿಯೇ ಅಂಕ ಪಡೆದಿದ್ದ ಅಗ್ಗದ, ಪ್ಲಾಸ್ಟಿಕ್ಕಿನ ಪುಟ್ಟ ಸೆಟ್ ಒಂದು ಕಣ್ಣಿಗೆ ಬಿದ್ದೊಡನೆ ಅಂಕ ಕಳೆದುಕೊಂಡಿತು. ಕೇಳುವಾಗ ಕಣ್ಣು ಮುಚ್ಚಿ. ವಾರ್ತೆ ಓದುವವರ ದನಿ, ನಿಮಗೆ ಚೆನ್ನಾಗಿ ಪರಿಚಯವಿರುವ ನಟರ ಸಂಭಾಷಣೆ, ತಂಬೂರಿಯ ಜೊತೆಗಿನ ಒಂದು ಆಲಾಪ, ಇಷ್ಟನ್ನು ಫೋನಿನಲ್ಲಿ ತೆಗೆದುಕೊಂಡು ಹೋಗಿ ಹಾಕಿಸಿ. ಎರಡು ಸೆಟ್ ಹೋಲಿಸುವಾಗ ಎರಡರ ಧ್ವನಿಮಟ್ಟವೂ ಒಂದೇ ಇರಲಿ, ತುಸು ಜೋರಾಗಿದ್ದದ್ದು ಸಾಮಾನ್ಯವಾಗಿ ಮೇಲೆಂದು ತೋರುತ್ತದೆ. ಸಾಧ್ಯವಾದರೆ ಮನೆಯ ಹಿರಿಯರನ್ನೂ ಜೊತೆಗೆ ಕರೆದೊಯ್ಯಿರಿ.

ತಂದ ಮೇಲೆ ಕೋಣೆಯನ್ನೂ ನೋಡಿಕೊಳ್ಳಬೇಕು. ಗ್ರಾನೈಟ್ ನೆಲ, ಬೋಳು ಗೋಡೆ, ಗಾಜಿನ ಕಿಟಕಿಗಳಿಗೆ ಬಡಿದು ಮರಳುವ ಸದ್ದು ವ್ಯಂಜನಗಳನ್ನು ಕಲಸಿಹಾಕುತ್ತದೆ. ಟಿವಿಯ ಮುಂದೆ ದಪ್ಪ ಜಮಖಾನೆ, ಕಿಟಕಿಗೆ ಭಾರದ ಪರದೆ ಹಾಕಿದರೆ ಆಗುವ ವ್ಯತ್ಯಾಸ ದುಬಾರಿ ಸ್ಪೀಕರ್‌ನಿಂದಲೂ ಆಗದು. ಹನ್ನೆರಡು ಅಡಿ ಅಂತರದ ಎದುರುಬದುರು ಗೋಡೆಗಳ ನಡುವೆ 47 ಹರ್ಟ್ಸ್ ಸುಮಾರಿನ ಸದ್ದು ಗುಂಯ್ಗುಡುತ್ತ ನಿಂತುಬಿಡುತ್ತದೆ. ಸಬ್‌ವೂಫರನ್ನು ಒಂದು ಗಳಿಗೆ ಸೋಫಾ ಮೇಲೆ ನೀವು ಕೂರುವ ಜಾಗದಲ್ಲೇ ಇಟ್ಟು, ಹಾಡು ಹಾಕಿ, ಗೋಡೆಯಂಚಿನಲ್ಲಿ ಬಗ್ಗಿ ಓಡಾಡಿ. ಎಲ್ಲಿ ಬೇಸ್ ಹದವಾಗಿ ಕೇಳಿಸುತ್ತದೋ ಅಲ್ಲಿ ಅದನ್ನಿಡಿ. ಅಪಾರ್ಟ್‌ಮೆಂಟ್ ಆದರೆ ಬೇಸನ್ನು ಇನ್ನೂ ತಗ್ಗಿಸಿ. ತಗ್ಗಿನ ಸದ್ದು ಸ್ಲ್ಯಾಬ್ ದಾಟಿ ಕೆಳಮನೆಯ ನಿದ್ದೆಗೆಡಿಸುತ್ತದೆ.

ಆಂಪ್ಲಿಫೈಯರ್‌ನ ಮೆನುವಿನಲ್ಲಿ ಸೆಂಟರ್ ಸ್ಪೀಕರ್‌ನ ಮಟ್ಟವನ್ನಷ್ಟೇ ಎರಡು–ಮೂರು ಡೆಸಿಬಲ್ ಏರಿಸಿದರೆ ರಿಮೋಟ್ ಬಹಳಮಟ್ಟಿಗೆ ಟೀಪಾಯಿ ಮೇಲೇ ಉಳಿಯುತ್ತದೆ. ದುಡ್ಡು ಸಾಲದಿದ್ದರೆ ಈಗ ಎದುರಿನ ಮೂರನ್ನು ತನ್ನಿ, ಕೂಡಿದಾಗ ಸಬ್‌ವೂಫರ್ ತನ್ನಿ. ಹಿಂದಿನ ಎರಡನ್ನು ಮುಂದಿನ ದೀಪಾವಳಿಗೆ ಕೊಂಡರೂ ಆದೀತು.